ಒಳಚಿಲಕ

ಬ್ರೆಡ್ಡಿನ ತುಂಡನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಒಯ್ಯುವಷ್ಟರಲ್ಲಿ ಮತ್ತೊಬ್ಬರು ಅಡುಗೆಮನೆಗೆ ನುಗ್ಗಿದರು. ಅಯ್ಯನವರು ತುಂಡನ್ನು ತಟ್ಟೆಯಲ್ಲಿಟ್ಟು ಎದ್ದು ನಿಂತರು. ಅಳುತ್ತಾ ಬಂದವರ ತಲೆಯ ಮೇಲೆ ಕೈಯಿಟ್ಟು, ಪ್ರಾರ್ಥಿಸಿ, ಧೈರ್ಯ ಹೇಳಿ ಕಳಿಸಿದರು. ಹೆಂಡತಿಯನ್ನು ಕಳೆದುಕೊಂಡವರು ಅವರು. ಸಮಾಧಾನ ಪಡೆದು ಹೋಗುತ್ತಿದ್ದವರು ಬಂದವರು. ಚರ್ಚಿನ ಸಭಾಪಾಲಕರಾಗಿ ಐವತ್ತು ವರ್ಷ ಮಾಡಿದ ಅಭ್ಯಾಸ ಸುಲಭಕ್ಕೆ ಬಿಡುತ್ತದೆಯೇ?

ನಿನ್ನೆ ಮಧ್ಯಾಹ್ನದಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಅಯ್ಯನೋರೆ, ಹಾಲು ಆರಿಹೋಯ್ತು. ಬಿಸಿ ಮಾಡ್ಲಾ?" ಎಂದಳು ಬಾಗಿಲಮ್ಮ. ಅವಳು ಬಿಸಿ ಮಾಡುತ್ತಿರುವುದು ಅದು ಮೂರನೇ ಸಲ.

ಬಾಗಿಲಮ್ಮ ಎಂಬುದು ಅವಳಿಗೆ ತರಗತಿಯಲ್ಲಿ ಬಿದ್ದ ಅಡ್ಡಹೆಸರು. ಪಕ್ಕದ ಕೋಣೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿರುವ ಟೀಚರಮ್ಮ, ಅಯ್ಯನವರ ಹೆಂಡತಿ, ಪಾದ್ರಿಯಾಗಲು ಓದುವವರ ಹೆಂಡತಿಯರಿಗೆ ಮೂವತ್ತು ವರ್ಷ ಗುರುವಾರದ ಪಾಠ ಹೇಳಿದವರು. ಬಾಗಿಲಮ್ಮನ ಗಂಡ ಓದು ಮುಗಿಸಿ, ಬರುವ ಸೋಮವಾರ ಪಾದ್ರಿಯಾಗಿ ತನ್ನ ಮೊದಲ ಊರಿನ ಸಭೆಗೆ ಹೊರಡಬೇಕಿತ್ತು. ಇವತ್ತು ಬೆಳಿಗ್ಗೆ ಅವಳು ಅವನಿಗೆ ಹೇಳಿಬಿಟ್ಟಿದ್ದಳು: "ನೀವು ಹೋಗಿ. ನಾನು ಅಮ್ಮನ ಮನೇಲಿ ಇರ್ತೀನಿ. ಪಾದ್ರಿ ಹೆಂಡತಿ ಕೆಲಸ ನನ್ನ ಕೈಲಿ ಆಗಲ್ಲ."

ಅವನು ಅಂಗಳಕ್ಕೆ ಕುರ್ಚಿ ಹೊರಲು ಹೋಗಿದ್ದ.

*

ರೋಗಿಯ ಪಕ್ಕ ಎಷ್ಟು ಹೊತ್ತು ಕೂರಬೇಕು, ಮೂವರ ಅಡುಗೆಯನ್ನು ಎಂಟು ಜನಕ್ಕೆ ಹೇಗೆ ಹಿಗ್ಗಿಸಬೇಕು, ಕೇಳಿದ ಗುಟ್ಟನ್ನು ಹೇಗೆ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು, ಇದೆಲ್ಲ ಗುರುವಾರದ ಪಾಠದಲ್ಲಿ ಇತ್ತು. ಕೊನೆಯ ಪರೀಕ್ಷೆ ಮಾತ್ರ ವಿಚಿತ್ರ. ಹುಡುಗಿ ಅಡುಗೆಮನೆಯ ಒಳಗೆ, ಟೀಚರಮ್ಮ ಹೊರಗೆ. ಒಮ್ಮೆ ಸಭೆಯ ಮುದುಕಿಯಂತೆ, ಒಮ್ಮೆ ಖಜಾಂಚಿಯಂತೆ ಅವರು ಬಾಗಿಲು ಬಡಿದು ಗೋಗರೆಯುತ್ತಿದ್ದರು. ಒಳಗಿನವಳು ಚಿಲಕ ಹಾಕಿಕೊಂಡೇ "ಈಗ ಆಗಲ್ಲ, ಅರ್ಧ ಗಂಟೆ ಬಿಟ್ಟು ಬನ್ನಿ" ಎನ್ನಬೇಕು. ಪಾಸಾದವಳಿಗೆ ಒಂದು ಹಿತ್ತಾಳೆ ಚಿಲಕ, ನಾಲ್ಕು ಸ್ಕ್ರೂ. ಪಾದ್ರಿಗೆ ಕೊಡುವ ಮನೆಯಲ್ಲಿ ಬೇರೆಲ್ಲ ಇದ್ದರೂ ಅಡುಗೆಮನೆಗೆ ಒಳಚಿಲಕ ಇರುವುದಿಲ್ಲ ಎಂಬುದು ಟೀಚರಮ್ಮನ ಅನುಭವ.

"ನನ್ನ ಮಗಳು ಮೊದಲನೇ ಹೆಜ್ಜೆ ಇಟ್ಟಿದ್ದನ್ನ ನೋಡಿದ್ದು ಸಭೆ ಖಜಾಂಚಿ ಕಣ್ರೇ," ಎನ್ನುತ್ತಿದ್ದರು. "ನಾನು ಒಳಗೆ ಅವರಿಗೇ ಟೀ ಸೋಸ್ತಾ ಇದ್ದೆ. ಟೀ ಚೆನ್ನಾಗಿತ್ತಂತೆ."

ಬಾಗಿಲಮ್ಮ ಎರಡು ಸಲ ಬಾಗಿಲು ತೆರೆದು ಫೇಲಾದಳು. ಮೂರನೇ ಸಲ ತೆರೆದದ್ದಲ್ಲದೆ ಕೈಯಲ್ಲಿ ಟೀ ಕಪ್ಪನ್ನೂ ಹಿಡಿದು ಬಂದಳು. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರಮ್ಮ ನಗಲಿಲ್ಲ, ಟೀ ಪೂರ್ತಿ ಕುಡಿದರು.

"ನಿನ್ನ ಕರುಳು ಒಳ್ಳೇದು ಕಣೆ. ಅದಕ್ಕೇ ನನಗೆ ಭಯ. ಮುಂದಿನ ಗುರುವಾರ ಬಾ, ಮತ್ತೆ ನೋಡೋಣ."

ಆ ಗುರುವಾರವೇ ಇವತ್ತು.

*

ಹಾಲು ಮತ್ತೆ ಬಿಸಿಯಾಯಿತು. ಅಯ್ಯನವರು ಬ್ರೆಡ್ಡು ಅದ್ದಿದರು. ಕೋಣೆಯಲ್ಲಿ ಸಭೆಯ ಕಾರ್ಯದರ್ಶಿಯ ದನಿ ಕೇಳಿಸಿತು: "ಅಯ್ಯನೋರು ಎಲ್ಲಿ? ಬಿಷಪ್ ಬಂದಿದಾರೆ."

ಅಯ್ಯನವರ ಮೊಣಕಾಲುಗಳು ಏಳಲು ಸಿದ್ಧವಾದವು. ಬಾಗಿಲಮ್ಮ ಅವರ ಕೈಯಲ್ಲಿದ್ದ ತುಂಡನ್ನು ನೋಡಿದಳು. ಹೋಗಿ ಬಾಗಿಲು ಮುಚ್ಚಿ ಚಿಲಕ ಎಳೆದಳು.

ಠಕ್ ಎಂದಿತು. ಪೆಟ್ಟಿಗೆಯ ಸುತ್ತ ಕೂತಿದ್ದ ಗುರುವಾರದ ಹೆಂಗಸರು ತಲೆಯೆತ್ತಿದರು.

ಕಾರ್ಯದರ್ಶಿ ಬಾಗಿಲು ಬಡಿದರು. "ಯಾರಮ್ಮ ಒಳಗೆ? ಬಿಷಪ್ ಕಾಯ್ತಿದಾರೆ."

ಅವಳು ಚಿಲಕವನ್ನು ಒತ್ತಿ ಹಿಡಿದಳು. "ಈಗ ಆಗಲ್ಲ. ಅಯ್ಯನೋರು ಊಟ ಮಾಡ್ತಿದಾರೆ. ಅರ್ಧ ಗಂಟೆ ಬಿಟ್ಟು ಬನ್ನಿ."

"ಏನಮ್ಮ, ಬಿಷಪ್ಪಿಗೇ ಹೀಗಂತೀಯ?"

"ಹೌದು. ಅವರಿಗೆ ಒಂದು ಕುರ್ಚಿ ಹಾಕಿ."

ಹೊರಗೆ ಕುರ್ಚಿ ಎಳೆದ ಸದ್ದು, ಭಾರದ ಮನುಷ್ಯರೊಬ್ಬರು ಅದರಲ್ಲಿ ಕೂತ ಸದ್ದು. "ಪಾಸಾದಳು," ಎಂದಿತು ಹೆಂಗಸರ ನಡುವಿನ ಒಂದು ದನಿ, ಅಳುತ್ತಲೇ ನಗುತ್ತಾ.

ಅಯ್ಯನವರು ತಿಂದರು. ತಿನ್ನುತ್ತಾ ತಿನ್ನುತ್ತಾ ಅತ್ತರು. ಈ ಎರಡು ದಿನದಲ್ಲಿ ಅವರು ಅತ್ತದ್ದು ಅದೇ ಮೊದಲು. ಬಾಗಿಲಮ್ಮ ಅವರಿಗೆ ಬೆನ್ನು ಮಾಡಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾ ನಿಂತಳು.

ಮುಖ ಒರೆಸಿಕೊಂಡು ಅವರು ಎದ್ದರು. ಮೇಲಿನ ಹಲಗೆಯಿಂದ ತಗಡಿನ ಡಬ್ಬ ಇಳಿಸಿ, ಕಾಗದ ಸುತ್ತಿದ ಪೊಟ್ಟಣವೊಂದನ್ನು ಅವಳ ಒದ್ದೆ ಕೈಯಲ್ಲಿಟ್ಟರು.

"ನಿನ್ನ ಟೀಚರ್ ಇದ್ದಿದ್ರೆ ಕೊಡೋಕೆ ಮುಂಚೆ ಇನ್ನೊಂದು ಟೀ ಕೇಳ್ತಿದ್ದಳು," ಎಂದರು. "ಈಗ ತೆಗಿ ಮಗಳೇ. ಅವಳನ್ನ ಕಳಿಸಿಕೊಡೋಣ."

ಅವಳು ಬಾಗಿಲು ತೆರೆದಳು. ಕಾರ್ಯದರ್ಶಿಯ ಹಿಂದೆ, ಎರಡು ಕೈಯಲ್ಲೂ ಕುರ್ಚಿ ಹಿಡಿದು ಅವಳ ಗಂಡ ನಿಂತಿದ್ದ.

"ರೀ," ಎಂದಳು ಮೆಲ್ಲಗೆ, "ಅಲ್ಲಿ ನಮಗೆ ಕೊಡೋ ಮನೇಲಿ ಅಡುಗೆಮನೆ ಬಾಗಿಲು ಮರದ್ದೋ, ತಗಡಿನದೋ?"

ಅವನು ಕುರ್ಚಿಗಳನ್ನು ಕೆಳಗಿಟ್ಟ. ಅವಳ ಮುಷ್ಟಿಯಲ್ಲಿ ಕಾಗದ ಒದ್ದೆಯಾಗಿ ಹರಿದು, ಹಿತ್ತಾಳೆಯ ತುದಿಯೊಂದು ಬೆರಳ ಸಂದಿಯಿಂದ ಹೊರಗೆ ಬಂದಿತ್ತು.