ಹೊಸ ಸರ್ವರಿಗೆ ಹೆಸರಿಡುವವರು

ಹೊಸ ಸರ್ವರ್ ಬಂದ ದಿನ ನೆವೆಂಕಾಳ ಹೊಟ್ಟೆಗೆ ಮೊದಲು ಬೆಂಕಿ ಬಿದ್ದದ್ದು ಒಂದು ತುಂಡು ಬುರೆಕ್‌ನಿಂದ. ಮೂಲೆಯ ಬೇಕರಿಯಿಂದ ತಂದ, ಪದರ ಪದರವಾದ ಮಾಂಸದ ಬುರೆಕ್‌ನ ಪೊಟ್ಟಣ ಬಿಚ್ಚಿ, ನಡುವಿನ ಮೆತ್ತನೆಯ ಭಾಗವನ್ನು ಯಾಗೊದಾ ನೇರವಾಗಿ ರೆಲ್ಯಾನ ತಟ್ಟೆಗೆ ಹಾಕಿದಳು. ಕರಕಲು ಅಂಚು ನೆವೆಂಕಾಳ ಪಾಲಿಗೆ ಬಂತು. ರೇಡಿಯೊ ಕೇಂದ್ರದಲ್ಲಿ ಇಷ್ಟು ವರ್ಷ ಆ ನಡುವಿನ ತುಂಡು ಯಾರದೆಂದು ಎಲ್ಲರಿಗೂ ಗೊತ್ತಿತ್ತು.

"ಹುಡುಗ ಸೊರಗಿದಾನೆ ಕಣೇ, ತಿನ್ಲಿ ಬಿಡು," ಅಂದಳು ಯಾಗೊದಾ.

"ಸೊರಗಿರೋದು ಅವನಲ್ಲ, ನನ್ನ ತಟ್ಟೆ," ಅಂದಳು ನೆವೆಂಕಾ.

ರೆಲ್ಯಾ ನಕ್ಕುಬಿಟ್ಟ. ಅವನ ಆ ನಗುವೂ ಅವಳಿಗೆ ಆಗುತ್ತಿರಲಿಲ್ಲ. ವಸಂತದಲ್ಲಿ ಅವಳ ಕಂಪ್ಯೂಟರ್ ಕೆಲಸಕ್ಕೆ ಜೊತೆಯಾಗಿ ಬೆಲ್‌ಗ್ರೇಡ್‌ನಿಂದ ಬಂದವನು, ಬಂದ ವಾರದಲ್ಲೇ ಎಲ್ಲರ ಮಡಿಲಿಗೂ ಬಿದ್ದುಬಿಟ್ಟಿದ್ದ. ನಿರ್ದೇಶಕ ತಿಹೋಮಿರ್‌ನ ಮಗಳ ಫೋನು ಸರಿ ಮಾಡಿಕೊಟ್ಟ. ಯಾಗೊದಾಳ ಹಳೆಯ ಹೆಡ್‌ಫೋನಿಗೆ ಹೊಸ ತಂತಿ ಬೆಸೆದ. ಬಾಗಿಲು ಕಾಯುವವನ ಜೊತೆ ಚದುರಂಗ ಆಡಿ ಬೇಕಂತಲೇ ಸೋತ. ನೆವೆಂಕಾಳನ್ನು 'ತೇತಾ' ಎಂದು ಕರೆದ, ಚಿಕ್ಕಮ್ಮ ಅಂತ. ಅವರ ಊರು ಝ್ರೆನ್ಯಾನಿನ್‌ನಲ್ಲಿ ಕೂದಲಿಗೆ ತಿಂಗಳಿಗೊಮ್ಮೆ ಬಣ್ಣ ಹಚ್ಚಿಸಿಕೊಳ್ಳುವ ಹೆಂಗಸನ್ನು ಹಾಗೆ ಕರೆಯುವುದಕ್ಕೆ ಮುಂಚೆ ಸ್ವಲ್ಪ ಯೋಚಿಸಬೇಕು. ಅವನು ಯೋಚಿಸಲಿಲ್ಲ, ಪ್ರೀತಿಯಿಂದಲೇ ಕರೆದ. ಬೈಯುವುದಕ್ಕೂ ದಾರಿ ಬಿಡಲಿಲ್ಲ ನೋಡಿ, ಅದೇ ಅವಳಿಗೆ ಹೆಚ್ಚು ಉರಿ.

ತಿಂಡಿ ಮುಗಿಯುವ ಹೊತ್ತಿಗೆ ತಿಹೋಮಿರ್ ಬಾಗಿಲಲ್ಲಿ ಇಣುಕಿದ.

"ರೆಲ್ಯಾ, ಹೊಸ ಸರ್ವರಿಗೆ ಲಿನಕ್ಸ್ ನೀನೇ ಹಾಕ್ಬಿಡಪ್ಪ. ನೆವೆಂಕಾ ಪಕ್ಕದಲ್ಲಿ ಇರ್ತಾಳೆ."

ಪಕ್ಕದಲ್ಲಿ ಇರ್ತಾಳಂತೆ. ಮದುವೆ ಮನೆಯಲ್ಲಿ ಕೋಟು ಹಿಡಿದುಕೊಂಡು ನಿಲ್ಲುವವಳ ಹಾಗೆ. ನೆವೆಂಕಾ ಉಳಿದ ಅಂಚನ್ನು ತಟ್ಟೆಯಲ್ಲೇ ಬಿಟ್ಟಳು.

ಇದು ಬರೀ ಕೆಲಸದ ಮಾತಾಗಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಆ ಕೇಂದ್ರದಲ್ಲಿ ಒಂದು ಪದ್ಧತಿ ಇತ್ತು. ಮಗುವಿಗೆ ಹೆಸರಿಡುವ ಹಕ್ಕು ಹೇಗೆ ಹೆತ್ತವರದಲ್ಲವೋ, ಧರ್ಮಪಿತನಾದ ಕೂಮ್‌ನದೋ, ಹಾಗೆ ಯಂತ್ರಕ್ಕೆ ಹೆಸರಿಡುವ ಹಕ್ಕು ಅದಕ್ಕೆ ಲಿನಕ್ಸ್ ಹಾಕಿದವರದು. ಹಾಕುವಾಗ ಪರದೆಯ ಮೇಲೆ ಯಂತ್ರದ ಹೆಸರೇನು ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಹೆಸರು ಬರೆದವರು ಕೂಮ್, ಹೆಂಗಸಾದರೆ ಕುಮಾ. ಬರೆದ ಮೇಲೆ ಎಲ್ಲರಿಗೂ ರಾಕಿಯಾ, ಅಂದರೆ ಹಣ್ಣಿನ ಸಾರಾಯಿ, ಸುರಿಯಬೇಕು. ಬೇಗೆಯ್, ತಾಮಿಶ್, ಕಾರಾಶ್ ಎಂದು ಸುತ್ತಮುತ್ತಲ ಹೊಳೆಗಳ ಹೆಸರನ್ನೆಲ್ಲ ಇಟ್ಟವಳು ನೆವೆಂಕಾ. ಆ ರ್ಯಾಕಿನಲ್ಲಿ ಉಸಿರಾಡುವ ಪ್ರತಿಯೊಂದು ಯಂತ್ರಕ್ಕೂ ಅವಳೇ ಕುಮಾ. ಗಂಡ ಬಿಟ್ಟುಹೋದ, ಮಗಳು ನೋವಿ ಸಾದ್‌ನಲ್ಲಿ ತನ್ನ ಪಾಡಿಗೆ ತಾನಿದ್ದಾಳೆ, ಇದೊಂದು ಮಾತ್ರ ಯಾರೂ ಕಿತ್ತುಕೊಳ್ಳದೆ ಉಳಿದಿತ್ತು. ಈಗ ಅದಕ್ಕೂ ಬೆಲ್‌ಗ್ರೇಡ್‌ನ ಕೈ ಬಿತ್ತು ಅಂದುಕೊಂಡಳು.

ಸರ್ವರ್ ಹೊಸದೆಂದರೆ ಕೇಂದ್ರಕ್ಕೆ ಹೊಸದು, ಅಷ್ಟೆ. ಯಾರೋ ಬಳಸಿ ಬಿಟ್ಟದ್ದನ್ನು ವ್ಯಾಪಾರಿ ಧೂಳು ಒರೆಸಿ ಮಾರಿದ್ದ. ಅದರಲ್ಲಿ ಹಳೆಯ ಒಡೆಯನ ಎರಡು ಡಿಸ್ಕುಗಳು ಹಾಗೇ ಇದ್ದವು. ಉಳಿದ ನಾಲ್ಕು ಗೂಡು ಖಾಲಿ ಇದ್ದವು. ಧ್ವನಿ ಸಂಗ್ರಹದ ನಾಲ್ಕು ಡಿಸ್ಕುಗಳನ್ನು ಸತ್ತುಹೋದ ಹಳೆಯ ಯಂತ್ರದಿಂದ ತೆಗೆದು ಆ ಗೂಡುಗಳಿಗೆ ತಳ್ಳಬೇಕಿತ್ತು. ಆ ಕೆಲಸವನ್ನು ನೆವೆಂಕಾ ಬೆಳಿಗ್ಗೆ ಬೇಗ ಬಂದು ಮುಗಿಸಿದ್ದಳು. ಮುಗಿಸಿದ್ದೇನೆಂದು ರೆಲ್ಯಾನಿಗೆ ಹೇಳಿರಲಿಲ್ಲ. ಬೇಕಂತ ಅಲ್ಲ, ಅವನ ಜೊತೆ ಮಾತಾಡುವ ಮನಸ್ಸಿರಲಿಲ್ಲ.

ಆ ನಾಲ್ಕು ಡಿಸ್ಕುಗಳಲ್ಲಿ ಯಾಗೊದಾಳ ಇಡೀ ಬದುಕಿತ್ತು. ಹಳ್ಳಿ ಹಳ್ಳಿಯ ಮುದುಕಿಯರ ಹಾಡು, ಮದುವೆಯ ಪಿಟೀಲು, ಬೆಳಗಿನ ರೈತರ ಕಾರ್ಯಕ್ರಮ, ಪ್ರವಾಹದ ವರ್ಷದ ವರದಿಗಳು, ಎಲ್ಲವನ್ನೂ ಟೇಪಿನಿಂದ ಒಂದೊಂದಾಗಿ ಕೇಳಿ, ಸಿಕ್ಕು ಬಿಡಿಸಿ, ಇಳಿಸಿದವಳು ಅವಳು. ಟೇಪುಗಳು ನೆಲಮಾಳಿಗೆಯಲ್ಲಿ ಬೂಷ್ಟು ಹಿಡಿದು ಹಾಳಾದವು. ಉಳಿದಿದ್ದ ಈ ಒಂದೇ ಪ್ರತಿಯನ್ನು ಕಾಪಾಡುವುದಕ್ಕೆಂದೇ ಈ ಸರ್ವರ್ ಕೊಂಡದ್ದು.

ಸರ್ವರ್ ಕೋಣೆಯಲ್ಲಿ ಗುಂಡಿ ಒತ್ತುತ್ತಿದ್ದ ಹಾಗೆ ಫ್ಯಾನುಗಳು ಬೊಬ್ಬೆ ಹೊಡೆದವು. ರೆಲ್ಯಾ ಲಿನಕ್ಸ್ ಇದ್ದ ಪೆನ್‌ಡ್ರೈವ್ ಸಿಕ್ಕಿಸಿ, ಗಾಲಿ ಮೇಜಿನ ಮೇಲೆ ಪರದೆ ತಿರುಗಿಸಿಕೊಂಡು ಕೂತ. ನೆವೆಂಕಾ ಕಾಫಿ ಲೋಟ ಹಿಡಿದು ಅವನ ಬೆನ್ನ ಹಿಂದೆ ನಿಂತಳು. ಅವನ ಬೆರಳು ಕೀಲಿಗಳ ಮೇಲೆ ಓಡುವುದನ್ನು ನೋಡಿದಳು. ಅಯ್ಯೋ, ಎಷ್ಟು ಬೇಗ ಓಡುತ್ತಿದ್ದವು! ತನ್ನ ಬೆರಳಿನ ಗಂಟುಗಳು ಚಳಿಗಾಲದಲ್ಲಿ ಹೇಗೆ ಹಿಡಿದುಕೊಳ್ಳುತ್ತವೆಂದು ನೆನೆದು ಅವಳಿಗೆ ಅಳುವೇ ಬಂತು.

ಲಿನಕ್ಸ್ ಶುರುವಾಗುವುದಕ್ಕೆ ಮುಂಚೆ ಡಿಸ್ಕುಗಳನ್ನು ನೋಡಿಕೊಳ್ಳುವ ಪರದೆ ಎದ್ದಿತು. ಬೇರೆ ಯಂತ್ರದಿಂದ ಬಂದ ಡಿಸ್ಕುಗಳು ಕಂಡಿವೆ, ಅವುಗಳ ಜೋಡಣೆಯನ್ನು ಒಳಗೆ ಸೇರಿಸಿಕೊಳ್ಳಲೋ, ಅಳಿಸಿಬಿಡಲೋ ಎಂದು ಕೇಳಿತು. ಯಾವ ಡಿಸ್ಕು, ಎಷ್ಟು ಡಿಸ್ಕು, ಏನೂ ಹೇಳಲಿಲ್ಲ.

ರೆಲ್ಯಾನ ಲೆಕ್ಕದಲ್ಲಿ ಆ ಗೂಡುಗಳಲ್ಲಿ ಇದ್ದದ್ದು ಹಳೆಯ ಒಡೆಯನ ಕಸ ಮಾತ್ರ. ಅಳಿಸು ಎಂಬ ಕೀಲಿಯ ಮೇಲೆ ಅವನ ಬೆರಳು ಹೋಯಿತು. ಒತ್ತಲಿಲ್ಲ. ತಿರುಗಿ ನೆವೆಂಕಾಳ ಮುಖ ನೋಡಿದ.

ನೆವೆಂಕಾ ಪರದೆಯನ್ನು ಪೂರ್ತಿ ಓದಿದ್ದಳು. ಒತ್ತಿದರೆ ಹಳೆಯ ಒಡೆಯನ ಎರಡರ ಜೊತೆ ಸಂಗ್ರಹದ ನಾಲ್ಕರ ಜೋಡಣೆಯೂ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. 'ತಡೀ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಅಳಿಯುವುದು ಹಾಡುಗಳಲ್ಲ, ನಾಲ್ಕು ಡಿಸ್ಕು ಹೇಗೆ ಒಂದಾಗಿದ್ದವು ಎಂಬ ನಕ್ಷೆ ಮಾತ್ರ. ಅದೇ ಕ್ರಮದಲ್ಲಿ ಮತ್ತೆ ಕಟ್ಟಿದರೆ ಎಲ್ಲ ವಾಪಸು ಬರುತ್ತದೆ. ಆ ಕ್ರಮ ಗೊತ್ತಿರುವುದು ಕಟ್ಟಿದವಳಿಗೆ, ಅಂದರೆ ತನಗೆ. ಒತ್ತಲಿ. ಬೆವರಲಿ. ಊರೆಲ್ಲ ತಲೆ ಮೇಲೆ ಹೊತ್ತುಕೊಂಡ ಹುಡುಗ ಒಂದು ಗಳಿಗೆ ಕೆಳಗೆ ಬೀಳಲಿ, ಆಮೇಲೆ ನಾನೇ ಎತ್ತುತ್ತೇನೆ.

ಅವಳು ಲೋಟ ತುಟಿಗಿಟ್ಟು ಕಾಫಿ ಹೀರಿದಳು. ರೆಲ್ಯಾ ತಿರುಗಿ ಕೀಲಿ ಒತ್ತಿದ.

ಅವನು ಎರಡು ಡಿಸ್ಕುಗಳನ್ನು ಲಿನಕ್ಸಿಗೆಂದು ಅಚ್ಚುಕಟ್ಟಾಗಿ ಜೋಡಿಸಿ, ಕೈ ಉಜ್ಜಿಕೊಂಡು ಕೇಳಿದ. "ತೇತಾ, ಸಂಗ್ರಹದ ಡಿಸ್ಕುಗಳನ್ನ ಯಾವಾಗ ಹಾಕೋಣ?"

"ಬೆಳಿಗ್ಗೆನೇ ಹಾಕಿದೀನಲ್ಲ ಮಗಾ."

ಅವನ ಮುಖದ ಬಣ್ಣ ಇಳಿಯಿತು. ಎದ್ದು ಹೋಗಿ ಗೂಡುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಸುಳ್ಳೇಕೆ ಹೇಳಲಿ, ನೆವೆಂಕಾಳಿಗೆ ಸುಖವಾಯಿತು. ಬೇಸಿಗೆಯಲ್ಲಿ ತಣ್ಣೀರು ಕುಡಿದಂಥ ಸುಖ.

ರೆಲ್ಯಾ ಏನನ್ನೂ ಮುಚ್ಚಿಡಲಿಲ್ಲ. ನೆಟ್ಟಗೆ ತಿಹೋಮಿರ್‌ನ ಕೋಣೆಗೆ ಓಡಿಹೋಗಿ, "ನಾನು ಸಂಗ್ರಹ ಅಳಿಸಿಬಿಟ್ಟೆ," ಅಂದ. ಮಾತು ಯಾಗೊದಾಳ ಕಿವಿಗೂ ಬಿತ್ತು. ಅವಳು ಕಿರುಚಲಿಲ್ಲ, ಮೆಟ್ಟಿಲ ಮೇಲೆ ಕುಸಿದು ಕೂತಳು. ಹೆಡ್‌ಫೋನು ಇನ್ನೂ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ರೆಲ್ಯಾ ಅವಳ ಮುಂದೆ ನಿಲ್ಲಲಾರದೆ ಸರ್ವರ್ ಕೋಣೆಗೆ ಹಿಂದಿರುಗಿದ.

ತಿಹೋಮಿರ್ ನೆವೆಂಕಾಳನ್ನು ಹುಡುಕಿಕೊಂಡು ಅಡುಗೆ ಮೂಲೆಗೆ ಬಂದ.

"ಅವನು ಅಳಿಸೋವಾಗ ನೀನೆಲ್ಲಿದ್ದೆ?"

"ಕಾಫಿ ಮಾಡ್ತಿದ್ದೆ."

"ಏನಾದ್ರೂ ಮಾಡಕ್ಕಾಗುತ್ತಾ?"

"ನೋಡೋಣ," ಅಂದಳು. ಲೋಟ ತೊಳೆದಳು, ಒರೆಸಿದಳು, ಕಪಾಟಿನಲ್ಲಿಟ್ಟಳು. ಅವನನ್ನು ಕಾಯಿಸಿದಳು. ಕಾಯಲಿ, ಪಕ್ಕದಲ್ಲಿ ಇರ್ತಾಳೆ ಅಂದವನು ಅವನೇ ಅಲ್ಲವೇ.

ಯಂತ್ರದ ಮುಂದೆ ಕೂತು ನಾಲ್ಕು ಡಿಸ್ಕುಗಳನ್ನು ಹಳೆಯ ಕ್ರಮದಲ್ಲಿ ಮತ್ತೆ ಕಟ್ಟಿದಳು. ಹೊಸದಾಗಿ ತೊಡೆದು ಶುರು ಮಾಡಲೇ ಎಂದು ಯಂತ್ರ ಕೇಳಿದಾಗ ಬೇಡ ಅಂದಳು. ಪೆನ್‌ಡ್ರೈವಿನ ಲಿನಕ್ಸ್‌ನಿಂದ ತೆರೆದು ನೋಡಿದರೆ ಒಳಗೆ ಏನೂ ಇಲ್ಲ. ಬರೀ ಕಸದ ಅಕ್ಷರಗಳು. ಹಿಂದೆ ನಿಂತಿದ್ದ ಯಾಗೊದಾ ಮೂಗು ಎಳೆದುಕೊಂಡ ಸದ್ದು ಫ್ಯಾನುಗಳ ಗಲಾಟೆಯಲ್ಲೂ ಕೇಳಿಸಿತು.

ಆಗ ನೆವೆಂಕಾಳ ಜೀವ ಬಾಯಿಗೆ ಬಂತು. ಇಷ್ಟು ಹೊತ್ತು ನಾಟಕದ ಕೊನೆ ಗೊತ್ತಿದ್ದವಳ ಹಾಗೆ ಆಡುತ್ತಿದ್ದಳಲ್ಲ, ಈಗ ಕೊನೆ ಅವಳಿಗೂ ಗೊತ್ತಿರಲಿಲ್ಲ. ಕ್ರಮ ಸರಿಯಿದೆ, ಮತ್ತೇನು ತಪ್ಪಿದೆ? ಬೆಳಿಗ್ಗೆ ಅವಸರದಲ್ಲಿ ತಳ್ಳುವಾಗ ಒಂದು ಡಿಸ್ಕು ಬಿಗಿಯಾಗಿತ್ತು, ಅದನ್ನು ಪಕ್ಕದ ಗೂಡಿಗೆ ಹಾಕಿದ್ದಳು. ಹೌದು, ಕೊನೆಯ ಎರಡು ಅದಲುಬದಲಾಗಿವೆ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದಳು. ಈ ಸಲ ಪರದೆಯ ತುಂಬ ಹಳ್ಳಿಗಳ ಹೆಸರು ಸಾಲಾಗಿ ಇಳಿದವು.

ಯಾಗೊದಾ ಹೆಡ್‌ಫೋನು ಸಿಕ್ಕಿಸಿ, ಯಾವಾಗಲೋ ತೀರಿಹೋದ ಮುದುಕಿಯೊಬ್ಬಳ ಹಾಡು ಹಾಕಿ ಕೇಳಿದಳು. ಆಮೇಲೆ ನೆವೆಂಕಾಳ ಕುತ್ತಿಗೆಗೆ ಜೋತುಬಿದ್ದು ಅತ್ತಳು. ತಿಹೋಮಿರ್ ತನ್ನ ಕೋಣೆಯಿಂದ ಕ್ವಿನ್ಸ್ ಹಣ್ಣಿನ ರಾಕಿಯಾದ ಬಾಟಲಿ ತಂದ. ರೆಲ್ಯಾ ಅವಳ ಎರಡೂ ಕೈ ಹಿಡಿದು ಕುಲುಕಿದ.

ಲಿನಕ್ಸ್ ಹಾಕುವ ಕೆಲಸ ಮತ್ತೆ ಶುರುವಾಯಿತು. ಭಾಷೆ ಕೇಳಿತು, ಕೀಲಿಮಣೆ ಕೇಳಿತು, ಆಮೇಲೆ ಯಂತ್ರದ ಹೆಸರು ಕೇಳಿತು. ರೆಲ್ಯಾ ಕುರ್ಚಿ ಬಿಟ್ಟು ಎದ್ದ.

"ನೀವೇ ಇಡಿ ತೇತಾ. ಕುಮಾ ನೀವೇ. ಬೇರೆ ಯಾರೂ ಆಗಬಾರದು."

ನೆವೆಂಕಾ ಕೂತಳು. ಬೇಕಿದ್ದುದೆಲ್ಲ ಸಿಕ್ಕಿತ್ತು. ಹೊಳೆಯ ಹೆಸರೂ ಮನಸ್ಸಿನಲ್ಲಿತ್ತು. ಆ ಹೊತ್ತಿಗೆ, ಬಾಯಿ ಮುಚ್ಚಿಕೊಂಡಿರಬಾರದಿತ್ತೇ, ರೆಲ್ಯಾ ಲೋಟ ಎತ್ತಿ ಎಲ್ಲರಿಗೂ ಹೇಳಿದ.

"ಒಬ್ನೇ ಇದ್ದಿದ್ರೆ ನಾನು ಒತ್ತುತ್ತಾನೇ ಇರ್ಲಿಲ್ಲ. ಅಳಿಸು ಅನ್ನೋದು ನೋಡಿ ಕೈ ನಿಂತೋಯ್ತು. ತಿರುಗಿ ತೇತಾ ಮುಖ ನೋಡಿದೆ. ಅವರೂ ಪರದೆ ನೋಡ್ತಿದ್ರು. ತಪ್ಪಿದ್ರೆ ತೇತಾ ಹೇಳ್ತಾರೆ ಬಿಡು, ಅಂತ ಒತ್ತಿದೆ. ಅವರ ಮೇಲೆ ಹಾಕ್ತಿಲ್ಲ. ಅಷ್ಟು ದೂರದಿಂದ ಅವರಿಗೆ ಅಕ್ಷರ ಕಂಡಿರಲ್ಲ."

ತಿಹೋಮಿರ್ ಬಾಟಲಿಯನ್ನು ಮೇಜಿನ ಮೇಲಿಟ್ಟ.

"ಕಾಫಿ ಮಾಡ್ತಿದ್ದೆ ಅಂದ್ಯಲ್ಲ ನೆವೆಂಕಾ?"

ಹುಡುಗ ದಾರಿ ತೋರಿಸಿಕೊಟ್ಟಿದ್ದ. ಕಾಣಿಸಲಿಲ್ಲ ಅಂದರೆ ಮುಗಿದಿತ್ತು. ಅವಳ ಕೈ ತಾನಾಗಿ ಮುಖಕ್ಕೆ ಹೋಯಿತು. ಕನ್ನಡಕ ಮೂಗಿನ ಮೇಲೇ ಇತ್ತು, ಬೆಳಿಗ್ಗೆಯಿಂದ ತೆಗೆದೇ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

"ಕಂಡಿತ್ತು," ಅಂದಳು. "ಓದಿದ್ದೆ."

ಯಾಗೊದಾ ಕುತ್ತಿಗೆಯಿಂದ ಹೆಡ್‌ಫೋನು ತೆಗೆದಳು.

"ಓದಿ ಸುಮ್ನಿದ್ಯಾ?" ಯಾಗೊದಾ ಕೇಳಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ವಾಪಸ್ ತರಬಹುದು ಅಂತ ನಂಗೆ ಗೊತ್ತಿತ್ತು ಕಣೇ."

"ನಂಗೆ ಗೊತ್ತಿರ್ಲಿಲ್ಲ," ಅಂದಳು ಯಾಗೊದಾ. "ಮೆಟ್ಟಿಲ ಮೇಲೆ ಕೂತಿದ್ದಾಗ ನಂಗೆ ಗೊತ್ತಿರ್ಲಿಲ್ಲ."

ನೆವೆಂಕಾ ಕುರ್ಚಿಯಿಂದ ಎದ್ದಳು. ಏಳು ಎಂದು ಯಾರೂ ಹೇಳಲಿಲ್ಲ, ಕೂತಿರು ಎಂದೂ ಯಾರೂ ಹೇಳಲಿಲ್ಲ. ರೆಲ್ಯಾ ಅವಳ ಕಡೆ ನೋಡದೆ ಕೀಲಿಮಣೆಯನ್ನು ಯಾಗೊದಾಳ ಮುಂದಕ್ಕೆ ಜರುಗಿಸಿದ. ಯಾಗೊದಾ ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ತನ್ನ ತವರಿನ ಹೊಳೆಯ ಹೆಸರು ಬರೆದಳು. ತಿಹೋಮಿರ್ ಅವಳಿಗೆ ಮೊದಲು ರಾಕಿಯಾ ಸುರಿದ.

ನೆವೆಂಕಾಳನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಮಾತು ಬಿಡಲೂ ಇಲ್ಲ. ಸಿಕ್ಕಾಗ ನಮಸ್ಕಾರ ಅನ್ನುತ್ತಾರೆ, ಮಗಳು ಹೇಗಿದ್ದಾಳೆ ಎಂದು ಕೇಳುತ್ತಾರೆ. ರೆಲ್ಯಾ ಈಗಲೂ ಅವಳನ್ನು ತೇತಾ ಅನ್ನುತ್ತಾನೆ. ಆದರೆ ಪರದೆಯ ಮೇಲೆ ಅಂಥ ಪ್ರಶ್ನೆಯೊಂದು ಬಂದರೆ ಅವನು ಕೈ ತಡೆದು, ಅವಳನ್ನು ದಾಟಿ, ಪಡಸಾಲೆಯ ಕಡೆಗೆ ಮುಖ ಮಾಡಿ ಕೂಗುತ್ತಾನೆ.

"ಯಾಗೊದಾ ತೇತಾ, ಒಂಚೂರು ಬನ್ನಿ. ಇದನ್ನ ಓದಿ ಹೇಳಿ."

ಸರ್ವರಿನ ಗಂಧಗಾಳಿ ಇಲ್ಲದ ಯಾಗೊದಾ ಬಂದು, ಪರದೆಗೆ ಮೂಗು ಹಚ್ಚಿ, ಒಂದೊಂದೇ ಪದ ಬಿಡಿಸಿ ಓದುತ್ತಾಳೆ. "ಅಳಿಸು ಅಂತಿದೆ ಮಗಾ. ಒತ್ತಬೇಡ, ಇರು, ಇನ್ನೊಂದ್ಸಲ ನೋಡೋಣ."

ಎರಡು ಕುರ್ಚಿ ಆಚೆ ಕೂತ ನೆವೆಂಕಾಳ ಹೊಟ್ಟೆ ಧಗಧಗ ಉರಿಯುತ್ತದೆ. ಈಗ ಆ ಉರಿ ಹುಡುಗನ ಮೇಲಲ್ಲ, ಆ ತಪ್ಪು ತಪ್ಪು ಓದುವವಳ ಮೇಲೆ. ಪ್ರಶ್ನೆ ಏನೆಂದು ಅವಳಿಗೆ ಅಲ್ಲಿಂದಲೇ ಕಾಣುತ್ತದೆ, ಉತ್ತರವೂ ಗೊತ್ತಿರುತ್ತದೆ. ಅವಳನ್ನು ಯಾರೂ ಕೇಳುವುದಿಲ್ಲ.