ಮೋರಿಯ ಹತ್ತಿರ ನಿಲ್ಲುವ ಗಾಡಿ

ಸೆಕೆಂಡ್ ಹ್ಯಾಂಡ್ ಗಾಡಿಗೆ ಹಳೆಯ ಯಜಮಾನನ ಚಾಳಿ ಅಂಟಿರುತ್ತದೆ ಅನ್ನುತ್ತಾರೆ. ನನ್ನ ಬೈಕಿಗೆ ಯಾರ ಚಾಳಿ ಅಂಟಿದೆ ಅಂತ ಹುಡುಕುವುದರಲ್ಲೇ ನನಗೆ ಎರಡು ವಾರ ಹೋಯಿತು. ಅದನ್ನು ಹನ್ನೊಂದು ವರ್ಷ ಓಡಿಸಿದ್ದವರು ಶಿಕಾರಿಪುರದ ಭೀಮಣ್ಣ. ಕೊಡುವಾಗ ಸೀಟು ತಟ್ಟಿ, "ಒಂದಿನಾನೂ ದಾರೀಲಿ ನಿಂತಿಲ್ಲ ಕಣಮ್ಮ" ಅಂದಿದ್ದರು. ನನ್ನ ಕೈಗೆ ಬಂದ ಮೇಲೆ ಅದು ದಿನಾ ನಿಲ್ಲುತ್ತಿತ್ತು, ಅದೂ ಒಂದೇ ಜಾಗದಲ್ಲಿ.

ನನ್ನ ಹೆಸರು ವಾಣಿಶ್ರೀ. ಮನೆ ಉಡುತಡಿಯಲ್ಲಿ, ಕೆಲಸ ಸೊರಬ ತಾಲೂಕಿನಲ್ಲಿ, ಹೊಸಬಾಳೆ ಕಡೆಯ ಒಂದು ಶಾಲೆಯಲ್ಲಿ. ವಿಜ್ಞಾನದ ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಯಾವಾಗ ಬೇಕಾದರೂ 'ಇನ್ನು ಹೊರಡಿ' ಅನ್ನಿಸಿಕೊಳ್ಳಬಹುದಾದವಳು. ಬಸ್ಸು ಬದಲಿಸಿ ಹೋದರೆ ಮೊದಲ ಪೀರಿಯಡ್ ಮುಗಿದಿರುತ್ತದೆ, ಅದಕ್ಕೇ ಬೈಕು ತಗೊಂಡೆ. ಸ್ಕೂಟರ್ ಯಾಕೆ ತಗೊಳ್ಳಲಿಲ್ಲ ಅಂತ ಊರೆಲ್ಲ ಕೇಳಿತು. ಕಾಲಲ್ಲಿ ಗೇರು ಹಾಕುವುದು ಹೇಗೆ ಅಂತ ನನಗೆ ಚಿಕ್ಕಂದಿನಿಂದಲೂ ಕುತೂಹಲ, ಅಷ್ಟೇ. ನನ್ನ ಗಂಡ ಸಿದ್ಧಲಿಂಗೇಶ್ ಕಣದಲ್ಲಿ ನಾಲ್ಕು ದಿನ ಹೇಳಿಕೊಟ್ಟರು. ಐದನೆಯ ದಿನ ನಾನು ಹುಲ್ಲಿನ ಬಣವೆಗೆ ಗುದ್ದಿದ ಮೇಲೆ, "ಇನ್ನು ನಿಂದು ನೀನು ನೋಡ್ಕ" ಅಂದು ಕೈ ತೊಳೆದುಕೊಂಡರು.

ಶಿರಾಳಕೊಪ್ಪ ದಾಟಿ ಸೊರಬದ ರಸ್ತೆಯಲ್ಲಿ ಒಂದು ಮೋರಿ ಇದೆ. ಸರಿಯಾಗಿ ಅಲ್ಲಿಗೆ ಬರುವಾಗ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಎಷ್ಟು ಕಿಕ್ ಹೊಡೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಸೋತು ಮೋರಿಯ ಕಟ್ಟೆಯ ಮೇಲೆ ಕಾಲು ಗಂಟೆ ಕೂತು ಎದ್ದರೆ ಒಂದೇ ಕಿಕ್ಕಿಗೆ ಶುರು. ಮೊದಲೆರಡು ದಿನ ಸಿಟ್ಟು ಬಂತು, ಆಮೇಲೆ ಬರೀ ಸೋಜಿಗ. ಶಿರಾಳಕೊಪ್ಪದ ಮೆಕ್ಯಾನಿಕ್ ಯೋಗೇಶ ಪ್ಲಗ್ ಬದಲಿಸಿದ, ಕಾರ್ಬುರೇಟರ್ ತೊಳೆದ. ಕೊನೆಗೆ, "ಗಾಡೀಲಿ ಏನೂ ಇಲ್ಲ ಟೀಚರ್, ನೀವು ಕ್ಲಚ್ ಬಿಡೋದು ಕಲೀರಿ" ಅಂದ. ಮನೆ ಬೇಗ ಬಿಟ್ಟರೂ ಶಾಲೆಗೆ ಎರಡು ಸಲ ತಡವಾಗಿತ್ತು. ಹೆಡ್ ಮಾಸ್ತರರು ಹಾಜರಿ ಪುಸ್ತಕ ಮುಚ್ಚುತ್ತ, "ಮೂರನೇ ಸಲ ಆದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ ಮೇಡಂ" ಅಂದರು.

ಭೀಮಣ್ಣನವರಿಗೆ ಫೋನ್ ಮಾಡಿದೆ. "ನೀವು ಮಾಡ್ತಿದ್ದದ್ದು, ನಾನು ಮಾಡದೇ ಇರೋದು ಏನಾದ್ರೂ ಐತೇನ್ರಿ?"

"ಏನಿಲ್ಲಮ್ಮ. ಪೆಟ್ರೋಲ್ ಹಾಕ್ತಿದ್ದೆ, ಓಡಿಸ್ತಿದ್ದೆ. ಆಯುಧಪೂಜೆಗೂ ಒಂದು ಹೂ ಇಟ್ಟೋನಲ್ಲ ನಾನು."

ಸ್ಪೀಕರ್ ಹಾಕಿದ್ದೇ ತಪ್ಪಾಯಿತು. ಅಡುಗೆಮನೆಯಿಂದ ಅತ್ತೆ ಮಹಾದೇವಮ್ಮ ಈಚೆ ಬಂದರು. "ಕೇಳಿದ್ಯಾ? ಹನ್ನೊಂದು ವರ್ಷ ಪೂಜೆ ಕಾಣದ ಗಾಡಿ. ಸಿಟ್ಟು ಮಾಡ್ಕಳ್ದೆ ಇರ್ತೈತಾ?"

ಅತ್ತೆ ಮೊದಲ ದಿನದಿಂದಲೂ ಅದಕ್ಕೆ ಪೂಜೆ ಮಾಡುತ್ತಲೇ ಇದ್ದರು. ಬೆಳಿಗ್ಗೆ ನಾನು ಹೊರಡುವ ಮುಂಚೆ ವಿಭೂತಿ ನೆನೆಸಿ ಪೆಟ್ರೋಲ್ ಟ್ಯಾಂಕಿನ ಮೇಲೆ ಮೂರು ಬೆರಳು ಎಳೆದು, ಮುಚ್ಚಳದ ನಡುವೆ ಒಂದಿಷ್ಟು ಮೆತ್ತುತ್ತಿದ್ದರು. 'ನೀನು ಗಾಡಿ ಓಡಿಸಿದ್ರೆ ನಂಗೆ ಭಯ ಆಗ್ತೈತೆ' ಅಂತ ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಫೋನಿನ ಮಾರನೆಯ ದಿನದಿಂದ ವಿಭೂತಿ ಎರಡು ಪಟ್ಟಾಯಿತು.

ಶನಿವಾರ ಅವರ ತೀರ್ಮಾನ ಬಂತು. "ನಾಳೆ ನಾನೂ ಬರ್ತೀನಿ, ಆ ಮೋರಿಗೆ ಒಂದು ಕಾಯಿ ಒಡೀತೀನಿ. ಅಷ್ಟಾದ್ರೂ ನಿಂತ್ರೆ ಗಾಡಿ ವಾಪಸ್ ಕೊಟ್ಬಿಡು. ನೌಕ್ರಿ ಹೋದ್ರೆ ಹೋಗ್ಲಿ. ಜೀವ ಇದ್ರೆ ಮನೇಲಿ ರೊಟ್ಟಿ ಐತೆ."

ನಮ್ಮ ಮನೆಯಲ್ಲಿ ಅತ್ತೆಯ ಮಾತಿಗೆ ಎರಡನೆಯ ಮಾತಿಲ್ಲ. ಗಾಡಿ ಹೋದರೆ ಶಾಲೆಯೂ ಹೋದಂತೆಯೇ. ಎಂಟನೇ ಕ್ಲಾಸಿನ ಮಕ್ಕಳು 'ಯಾಕೆ ಮಿಸ್' ಅಂತ ಕೇಳುವುದು ನೆನಪಾಗಿ ನನಗೆ ಅಳು ಬಂತು.

ಭಾನುವಾರ ಅತ್ತೆ ಒಂದು ಕೈಯಲ್ಲಿ ತೆಂಗಿನಕಾಯಿಯ ಚೀಲ, ಇನ್ನೊಂದರಲ್ಲಿ ನನ್ನ ಭುಜ ಹಿಡಿದು ಅಡ್ಡ ಕೂತರು. ಅವತ್ತಿನ ವಿಭೂತಿ ಹಿಂದೆಂದೂ ಇಲ್ಲದಷ್ಟು ದಪ್ಪ. ಶಿರಾಳಕೊಪ್ಪದ ಕೊನೆಯ ಮನೆ ಇನ್ನೂ ಕಾಣುತ್ತಿರುವಾಗಲೇ ಗಾಡಿ ಕೆಮ್ಮಿ ನಿಂತಿತು.

ಅತ್ತೆ ಇಳಿದು ಸುತ್ತ ನೋಡಿದರು. "ಮೋರಿ ಎಲ್ಲೈತೆ?"

"ಇನ್ನೂ ಎರಡು ಕಿಲೋಮೀಟರ್ ಐತೆ ಅತ್ತೆ."

"ಮತ್ತೆ ಇಲ್ಯಾಕೆ ನಿಂತು?"

ಅದು ಸರಿಯಾದ ಪ್ರಶ್ನೆ. ವಿಜ್ಞಾನದ ಟೀಚರ್ ನಾನು, ಇಷ್ಟು ದಿನ ಅದನ್ನು ಕೇಳಿಕೊಂಡಿರಲಿಲ್ಲ. ಮೋರಿಯಲ್ಲಿ ಏನೋ ಇದ್ದರೂ ಅದು ನಮ್ಮನ್ನು ಎದುರುಗೊಳ್ಳಲು ಎರಡು ಕಿಲೋಮೀಟರ್ ನಡೆದು ಬರುವುದಿಲ್ಲ. ಹಾಗಾದರೆ ಇವತ್ತು ಬೇರೆ ಇರುವುದು ಏನು? ಕಣ್ಣು ಟ್ಯಾಂಕಿನ ಮುಚ್ಚಳದ ಮೇಲೆ ಬಿತ್ತು. ವಿಭೂತಿ ಒಣಗಿ ಸುಣ್ಣದ ಗಾರೆಯ ಹಾಗೆ ಕೂತಿತ್ತು. ಬೀಗ ತಿರುಗಿಸಿ ಮುಚ್ಚಳ ತೆಗೆದೆ. ಬುಸ್ ಅಂತು. ಅತ್ತೆ ಹಾವೆಂದು ಎರಡು ಹೆಜ್ಜೆ ಹಿಂದೆ ಸರಿದರು. ಕಿಕ್ ಹೊಡೆದೆ, ಒಂದೇ ಏಟಿಗೆ ಶುರುವಾಯಿತು.

ಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಸುರಿಯುವುದಿಲ್ಲ, ಗಾಳಿ ಒಳಗೆ ಹೋಗಲು ಇನ್ನೊಂದು ಬೇಕು. ಇದನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೇನೆ. ನಾಚಿಕೆಯಾಯಿತು. ಮುಚ್ಚಳದಲ್ಲಿ, ಬೀಗದ ಪಕ್ಕ, ಸೂಜಿಮೊನೆಯಷ್ಟು ತೂತಿತ್ತು. ಸೆರಗಿನ ಪಿನ್ನು ತೆಗೆದು ಚುಚ್ಚಿದೆ, ಬೆಳ್ಳಗೆ ಪುಡಿ ಉದುರಿತು. ದಿನಾ ಅದು ಅರೆಬರೆ ಮುಚ್ಚಿ ಪೆಟ್ರೋಲ್ ಮೋರಿಯವರೆಗೆ ಮಾತ್ರ ಇಳಿಯುತ್ತಿತ್ತು, ಕಾಲು ಗಂಟೆ ಕೂತರೆ ಸಂದಿಯಲ್ಲಿ ಒಂದಿಷ್ಟು ಗಾಳಿ ನುಸುಳಿ ಮತ್ತೆ ಶುರುವಾಗುತ್ತಿತ್ತು; ಇವತ್ತು ಪೂರ್ತಿ ಮುಚ್ಚಿತ್ತು.

"ಒಳಗೆ ಗಾಳಿ ಹೋಗ್ಬೇಕು ಅತ್ತೆ, ಇಲ್ಲಾಂದ್ರೆ ಪೆಟ್ರೋಲ್ ಕೆಳಗೆ ಇಳಿಯಲ್ಲ. ಈ ತೂತು ಮುಚ್ಚಿಹೋಗಿತ್ತು."

ಯಾವುದರಿಂದ ಅಂತ ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನನ್ನ ಬೆರಳೆಲ್ಲ ಬಿಳಿಯಾಗಿತ್ತು. ಅತ್ತೆ ಆ ಬೆರಳನ್ನೇ ನೋಡುತ್ತ ನಿಂತರು.

"ಅಂದ್ರೆ, ದಿನಾ ನಾನೇ ಅದರ ಉಸಿರು ಕಟ್ಟಿಸ್ತಿದ್ನಾ?"

ಎರಡು ವಾರ ನನ್ನನ್ನು ರಸ್ತೆಯಲ್ಲಿ ಕೂರಿಸಿದ್ದು ಯಾರೆಂದು ತಿಳಿದ ದಿನ ಅವರನ್ನು ಬೈಯದೆ ಬಿಡುವುದಿಲ್ಲ ಅಂದುಕೊಂಡಿದ್ದೆ. ಸಿಟ್ಟು ಬರಲಿಲ್ಲ. ಉಳಿದ ವಿಭೂತಿಯನ್ನು ಉಗುರಿನಿಂದ ಕೆರೆಯುವಾಗ, ಈ ಮುದುಕಿಗೆ ನನ್ನ ಬಗ್ಗೆ ಇಷ್ಟು ದಪ್ಪ ಭಯವಿತ್ತಲ್ಲ ಅನ್ನಿಸಿ ಕಣ್ಣು ತುಂಬಿತು.

ಗಾಡಿ ನಿಲ್ಲದೆ ಮೋರಿ ದಾಟಿತು. ಶಾಲೆಯ ಗೇಟಿನವರೆಗೆ ಹೋಗಿ ತಿರುಗಿ ಬಂದೆವು. ಅತ್ತೆ ಕಾಯಿ ಒಡೆಯದೆ ಚೀಲದಲ್ಲೇ ವಾಪಸ್ ತಂದರು. ಗಾಡಿ ಇರಲಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಗಾಡಿ ಹೊರಗೆ ತಳ್ಳಿ ನಿಲ್ಲಿಸಿದೆ. ಅತ್ತೆ ನೆನೆಸಿದ ವಿಭೂತಿಯ ಬಟ್ಟಲು ಹಿಡಿದು ಬಂದರು. ಅವರು ಎಮ್ಮೆ ಕೊಳ್ಳಲು ಬಂದವರಂತೆ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು, ಬಗ್ಗಿ ಚೈನು ನೋಡಿದರು, ಮುಚ್ಚಳದ ತೂತನ್ನು ಕಣ್ಣು ಕಿರಿದು ಮಾಡಿ ನೋಡಿದರು. ಬಟ್ಟಲಿನಲ್ಲಿ ಅದ್ದಿದ ಬೆರಳು ಹಾಗೇ ಗಾಳಿಯಲ್ಲಿ ನಿಂತಿತ್ತು.

"ಎಲ್ಲಿ ಹಚ್ಚಿದ್ರೆ ನಿಲ್ಲಲ್ಲ, ನೀನೇ ತೋರ್ಸು" ಅಂದರು. "ಜಲ್ದಿ ತೋರ್ಸು, ನಿಂಗೆ ಬೆಲ್ ಹೊಡೀತೈತೆ."