ರಾಜಿಯಲ್ಲ, ರಾಜೀನಾಮೆ

ಕೃಷ್ಣಾ ನದಿಯ ದಂಡೆಗೆ ಒಂದು ಸಕ್ಕರೆ ಕಾರ್ಖಾನೆಯ ಜಾಕ್‌ವೆಲ್ ಇದೆ. ಹೊಳೆಯ ನೀರೆತ್ತಿ ಕಾರ್ಖಾನೆಗೆ ಕಳಿಸುವ ಪಂಪಿನ ಮನೆ ಅದು. ಅಲ್ಲಿ ಲಖನ ಕೆಲಸ ಮಾಡುತ್ತಾನೆ. ಒಬ್ಬನೇ. ಸುತ್ತ ಕಬ್ಬು, ಎದುರಿಗೆ ಹೊಳೆ, ಒಳಗೆ ಮೋಟರಿನ ಸದ್ದು. ಪಾಳಿ ಮುಗಿಯುವವರೆಗೆ ಮಾತಾಡಲು ಒಂದು ನರಪಿಳ್ಳೆಯೂ ಸಿಗುವುದಿಲ್ಲ. ತನ್ನ ದನಿ ಇದೆಯೋ ಹೋಯಿತೋ ಎಂದು ನೋಡಲು ಕೆಲವೊಮ್ಮೆ ಅವನು ಮೋಟರಿಗೇ ಬೈಯುತ್ತಾನೆ.

ಏಳು ವರ್ಷ ಹೀಗೇ ಕಳೆದಿವೆ. ಆದರೂ ಅವನು ಕಾರ್ಖಾನೆಯ ನೌಕರನಲ್ಲ, ಗುತ್ತಿಗೆಯವನು. ಆಳು ಪೂರೈಸುವ ಒಂದು ಏಜೆನ್ಸಿ ಅವನನ್ನು ಅಲ್ಲಿ ಇಟ್ಟಿತ್ತು. ಈ ಹಂಗಾಮಿನಲ್ಲಿ ಆ ಏಜೆನ್ಸಿ ಹೋಗಿ ಬೇರೆ ಏಜೆನ್ಸಿ ಬಂತು. ಪಂಪು ಅದೇ, ಹೊಳೆ ಅದೇ, ಬೆವರು ಅದೇ. ಮೇಲಿನವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಇವನನ್ನು ಎತ್ತಿನಂತೆ ಒಬ್ಬರ ದಾವಣಿಯಿಂದ ಬಿಚ್ಚಿ ಇನ್ನೊಬ್ಬರ ದಾವಣಿಗೆ ಕಟ್ಟಿದರು. ಎತ್ತು ಕೊಳ್ಳುವವರು ಅದರ ಹಲ್ಲನ್ನಾದರೂ ನೋಡುತ್ತಾರೆ. ಇವನ ಮುಖವನ್ನೂ ಯಾರೂ ನೋಡಲಿಲ್ಲ.

ಒಂದು ಮಧ್ಯಾಹ್ನ ಹೊಸ ಏಜೆನ್ಸಿಯ ಸೂಪರ್‌ವೈಸರ್ ಅಮೋಲ ಮೋಟರ್ ಸೈಕಲ್ ಮೇಲೆ ಬಂದ. ಗಾಡಿಯನ್ನೂ ಬಂದ್ ಮಾಡಲಿಲ್ಲ.

“ಏ ಲಖನ, ಎರಡು ಸಹಿ ಹಾಕು. ಒಂದು ಹೊಸಾ ಕಂಪನಿದು. ಇನ್ನೊಂದು ರಾಜಿನಾಮಾ.”

“ಅದ್ಯಾಕ್ರಿ ಸಾಹೇಬ್ರ?”

“ಏಜೆನ್ಸಿ ಬದ್ಲಿ ಆಗೇತಲ್ಲೋ ಮಾರಾಯಾ. ನೀ ರಾಜಿ ಇದ್ದೀ ಅನ್ನಾಕ ಒಂದು ಕಾಗದ ಬ್ಯಾಡ? ಮುರಗೆಪ್ಪ ಮಾಡ್ಯಾನ, ಮಾಳಸಿದ್ದ ಮಾಡ್ಯಾನ. ನೀ ಒಬ್ಬನ ಉಳದೀದಿ. ನಿನ್ನಿಂದ ಎಲ್ಲಾರ ಪಗಾರ ತಡ ಆಗತೈತಿ ನೋಡ.”

ಮುರಗೆಪ್ಪ, ಮಾಳಸಿದ್ದ ಅದೇ ಪಂಪಿನ ಉಳಿದೆರಡು ಪಾಳಿಯವರು. ಲಖನ ಪೆನ್ನು ಹಿಡಿದ. ಅಷ್ಟರಲ್ಲಿ ಪಂಪು ಗಾಳಿ ಹಿಡಿದು ಕೂಗತೊಡಗಿತು. ಅವನು ಒಳಗೆ ಓಡಿದ. ಅಮೋಲನಿಗೆ ಕಾಯುವ ಪುರುಸೊತ್ತು ಎಲ್ಲಿ? “ನಾಳೆ ಬರ್ತೀನಿ, ಮಾಡಿ ಇಡು” ಎಂದು ಕಾಗದ ಒಗೆದು ಹೋದ.

ಪಾಳಿ ಬದಲಿಸಲು ಮುರಗೆಪ್ಪ ಬಂದ. ಬೇರೆ ದಿನವಾದರೆ “ಉಂಡ್ಯೇನಲೇ?” ಎಂದು ಕೇಳುವವನು ಇಂದು ಮುಖ ತಿರುವಿ, ಕೀಲಿ ಕಸಿದುಕೊಂಡು ಒಳಗೆ ಹೋದ. ನನ್ನಿಂದ ಪಗಾರ ತಡವಾಯಿತೆಂದು ಸಿಟ್ಟಾಗಿದ್ದಾನೆ ಎಂದುಕೊಂಡ ಲಖನ. ಕಬ್ಬಿನ ನಡುವಿನ ದಾರಿಯಲ್ಲಿ ಸೈಕಲ್ ತುಳಿಯುವಾಗ ಊರಿಗೆ ಊರೇ ಒಂದು ಕಡೆ, ತಾನೊಬ್ಬನೇ ಒಂದು ಕಡೆ ಅನ್ನಿಸಿತು.

ಮನೆಯಲ್ಲಿ ಹೆಂಡತಿ ರೂಪಾಲಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಸ್ವಸಹಾಯ ಸಂಘದ ಮಂಗಲ ಪಕ್ಕದಲ್ಲಿ ಕೂತಿದ್ದಳು. ಲಖನ ಅವಳನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಾನೆ.

“ಎಲ್ಲಾರೂ ರಾಜಿ ಆಗ್ಯಾರಂತ,” ಎಂದ ಲಖನ. “ನಾನೂ ರಾಜಿನಾಮಾ ಕೊಟ್ಟ ಬಿಡ್ತೀನಿ.”

“ಕೊಡ್ರಿ ಮತ್ತ. ಬದುವಿನ ಜಗಳದಾಗ ಮಾವಾರು ಪೊಲೀಸ್ ಸ್ಟೇಶನ್ದಾಗ ರಾಜಿನಾಮಾ ಬರದ ಕೊಟ್ಟಿದ್ರಲ್ಲ, ಹಂಗ. ಸುಮ್ನ ಜಗಳ ಯಾಕ?”

ಮಂಗಲ ಆ ರಾಜಿನಾಮಾದ ಕಾಗದ ಎತ್ತಿಕೊಂಡಳು. ಗಡಿಭಾಗದ ಊರು, ಕಾಗದ ಮರಾಠಿಯಲ್ಲಿತ್ತು. ಲಖನನಿಗೆ ಮರಾಠಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮಂಗಲಳ ತವರು ಮಿರಜ ಕಡೆ, ಅವಳು ಮರಾಠಿ ಸಾಲೆ ಕಲಿತವಳು.

“ಇದು ರಾಜಿ ಅಲ್ಲೋ ತಮ್ಮಾ, ರಾಜೀನಾಮೆ. ಟಿ.ವಿ.ಯಾಗ ಮಂತ್ರಿಗೋಳು ಕೊಡ್ತಾರಲ್ಲ, ಅದು.”

“ನಾ ಏನ್ ಮಂತ್ರಿ ಏನ್ ವೈನಿ? ಪಂಪ ಚಾಲೂ ಮಾಡಾಂವ.”

“ಮಂತ್ರಿ ಕೊಟ್ರ ಪಿಂಚಣಿ ತಿಂತಾನ. ನೀ ಕೊಟ್ರ ಮಣ್ಣ ತಿಂತಿ. ಕೇಳ ಇಲ್ಲೆ: ‘ನಾ ನನ್ನ ಖುಷಿಲೇ ಕೆಲಸ ಬಿಟ್ಟೀನಿ, ನನಗ ಬರೂದೆಲ್ಲಾ ಮುಟ್ಟೇತಿ.’ ನೀ ಬಿಟ್ಟೀಯೇನ? ಮುಟ್ಟೇತೇನ?”

ರೂಪಾಲಿಯ ಕೈಯ ರೊಟ್ಟಿ ಅರ್ಧಕ್ಕೇ ನಿಂತಿತು.

“ನಾ ದವಾಖಾನ್ಯಾಗ ಕಸಾ ಹೊಡಿತಿದ್ದೆ,” ಎಂದಳು ಮಂಗಲ. “ಅಲ್ಲೂ ಏಜೆನ್ಸಿ ಬದ್ಲಾತು. ಕಣ್ಣ ಮುಚ್ಚಿ ಸಹಿ ಮಾಡಿದೆ. ಕೆಲಸ ಬಿಡೂ ಮುಂದ, ವರ್ಷಾನುಗಟ್ಲೆ ದುಡದಿದ್ದಕ್ಕ ಬರೂ ಗ್ರ್ಯಾಚುಟಿ ರೊಕ್ಕ ಕೇಳಾಕ ಹ್ವಾದ್ರ, ಹೊಸಬ್ರು ‘ನೀ ಮೊನ್ನೆ ಸೇರಿದಾಕಿ’ ಅಂದ್ರು. ಹಳಬ್ರು ‘ಎಲ್ಲಾ ಮುಟ್ಟೇತಿ ಅಂತ ನೀನ ಸಹಿ ಮಾಡೀದಿ’ ಅಂದ್ರು. ನಾ ದುಡದ ವರ್ಷಗೋಳು ನಡುವ ಎಲ್ಲೋ ಹೊಳ್ಯಾಗ ಹೋದುವು.”

“ಸಹಿ ಮಾಡ್ಲಿಲ್ಲಂದ್ರ ಕೆಲಸದಿಂದ ತಗೀತಾರ್ರಿ ವೈನಿ.”

“ಹೊಸಾ ಕಂಪನಿ ಕಾಗದಕ್ಕ ಮಾಡು. ಆದ್ರ ಓದಸಿ ಮಾಡು. ಪಗಾರ, ರಜಾ ಮೊದಲಿಗಿಂತ ಕಡಿಮಿ ಬರದಾರೇನ ನೋಡು. ಹಳೇ ಪಿ.ಎಫ್. ನಂಬರ, ಯು.ಎ.ಎನ್. ಅಂತಾರಲ್ಲ, ಅದನ್ನ ಹಾಕಸು. ಎಷ್ಟ ಕಂಪನಿ ಬದ್ಲಾದ್ರೂ ಒಬ್ಬ ಮನಶ್ಯಾಗ ಅದೊಂದ ನಂಬರ. ಎರಡನೇದು ಮಾಡಿದ್ರ ನಿನ್ನ ರೊಕ್ಕ ಅರ್ಧ ಇತ್ತಾಗ, ಅರ್ಧ ಅತ್ತಾಗ. ನಕಲು ಇಸ್ಕೋ. ರಾಜೀನಾಮೆ ಮಾತ್ರ ಕೊಡಬ್ಯಾಡ.”

“ಎಲ್ಲಾರೂ ಕೊಟ್ಟಾರಲ್ಲ. ನಾ ಒಬ್ಬನ...”

“ಯಾರ ಹೇಳಿದ್ರು?”

“ಅಮೋಲ ಸಾಹೇಬ್ರು.”

“ಮುರಗೆಪ್ಪ ಹೇಳಿದ್ನೇನ?”

ಇಲ್ಲ. ಮುರಗೆಪ್ಪನನ್ನು ಅವನು ಕೇಳಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಪಾಳಿಗೆ ಹೋಗುವ ಮೊದಲು ಅವನು ಮುರಗೆಪ್ಪನ ಮನೆಗೆ ಹೋದ. ಮುರಗೆಪ್ಪ ಎಮ್ಮೆಗೆ ಮೇವು ಹಾಕುತ್ತಿದ್ದ. ತಿರುಗಿ ನೋಡಲಿಲ್ಲ.

“ಕಾಕಾ, ಆ ಕಾಗದಕ್ಕ ಸಹಿ ಮಾಡೀರೇನ್ರಿ?”

“ನನ್ನ ಏನ್ ಕೇಳ್ತೀಯಲೇ?” ಮುರಗೆಪ್ಪ ಸಿಡಿದ. “ನೀ ಮಾಡಿ ಕುಂತೀದಿ! ಒಂದ ಮಾತ ನನಗ ಹೇಳಬಾರ್ದ? ಆ ಅಮೋಲ್ಯಾ ಬಂದು, ಲಖನ ಮಾಡ್ಯಾನ, ಮಾಳಸಿದ್ದ ಮಾಡ್ಯಾನ, ನೀ ಒಬ್ಬನ ಉಳದೀದಿ ಅಂದ.”

“ನಾ ಮಾಡಿಲ್ರಿ ಕಾಕಾ.”

“ಮಾಡಿಲ್ಲ?” ಮುರಗೆಪ್ಪನ ಕೈಯ ಮೇವು ಕೆಳಗೆ ಬಿತ್ತು. “ನಾನೂ ಮಾಡಿಲ್ಲಲೇ.”

ಪಂಪಿನ ಮನೆಯಲ್ಲಿದ್ದ ಮಾಳಸಿದ್ದನಿಗೆ ಫೋನು ಹಚ್ಚಿದರು. ಅವನೂ ಮಾಡಿರಲಿಲ್ಲ. “ನಾ ಒಬ್ಬನ ಉಳದೀನಿ ಅಂತ ಅನ್ನಾನ ಹೋಗವಲ್ದಾಗಿತ್ತೋ ಯಪ್ಪಾ. ಇವತ್ತ ಮಾಡಾಂವ ಇದ್ದೆ,” ಎಂದು ಅಳುದನಿಯಲ್ಲಿ ಹೇಳಿದ.

ನೋಡಿದಿರಾ ಹರಾಮಖೋರತನ? ಒಂದೇ ಸುಳ್ಳನ್ನು ಅಮೋಲ ಮೂರು ಮಂದಿಗೆ ಬೇರೆಬೇರೆಯಾಗಿ ಹೇಳಿದ್ದ. ಒಬ್ಬರಿಗೊಬ್ಬರು ಮುಖ ತಿರುಗಿಸುವಂತೆ ಮಾಡಿದ್ದ. ಒಂಟಿಯಾಗಿ ಕೂತು ದುಡಿಯುವವನ ಒಂಟಿತನವನ್ನೇ ಅವನ ಕುತ್ತಿಗೆಗೆ ಹಗ್ಗ ಮಾಡುವುದೆಂದರೆ ಇದೇ.

ಅಂದು ಅಮೋಲ ಬಂದಾಗ ಪಂಪಿನ ಮನೆಯ ಬಾಗಿಲಲ್ಲಿ ಮೂವರೂ ನಿಂತಿದ್ದರು.

“ಹೊಸಾ ಕಂಪನಿಗೆ ಸಹಿ ಮಾಡ್ತೀವ್ರಿ,” ಎಂದ ಲಖನ. “ಹಳೇ ಪಿ.ಎಫ್. ನಂಬರ ಬರೀರಿ, ನಕಲು ಕೊಡ್ರಿ. ರಾಜೀನಾಮೆ ಕೊಡೂದಿಲ್ಲ.”

“ಹಂಗಾದ್ರ ಕೆಲಸ ಬಿಟ್ಟ ನಡೀರಿ!”

“ಬಿಡೂದಿಲ್ರಿ. ತಗಿಯೂದಿದ್ರ ನೀವ ಬರದ ಕೊಡ್ರಿ.”

“ಮರಾಠಿಯಾಗರೆ ಬರೀರಿ, ಇಂಗ್ಲೀಷಿನ್ಯಾಗರೆ ಬರೀರಿ,” ಎಂದ ಮುರಗೆಪ್ಪ. “ಓದಿಸಿಕೋತೀವಿ.”

ಅಮೋಲ ಬರೆದು ಕೊಡಲಿಲ್ಲ. ಯಾರಿಗೋ ಫೋನು ಮಾಡುತ್ತ ಹೋದ. ಕೆಲವು ದಿನ ಮೂವರೂ ಹೆದರುತ್ತಲೇ ಪಾಳಿ ಮಾಡಿದರು. ಆಮೇಲೆ ಹಳೆಯ ನಂಬರ್ ಬರೆದ ಕಾಗದ ಬಂತು. ರಾಜೀನಾಮೆಯ ಮಾತು ಮತ್ತೆ ಏಳಲಿಲ್ಲ. ಹಳೆಯ ವರ್ಷಗಳ ಹಕ್ಕು ಕೇಳಿ ಮೂವರೂ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಟ್ಟಿದ್ದಾರೆ. ವಿಚಾರಣೆ ನಡೆಯುತ್ತಿದೆ, ತೀರ್ಪು ಏನಾಗುತ್ತದೋ ಗೊತ್ತಿಲ್ಲ. “ಸಹಿ ಮಾಡಿದ್ರ ಕೇಳಾಕೂ ಬಾಯಿ ಇರತಿರಲಿಲ್ಲ,” ಎಂದು ಈಗ ರೂಪಾಲಿಯೇ ಸಂಘದಲ್ಲಿ ಹೇಳುತ್ತಾಳೆ.

ಲಖನ ಇಂದಿಗೂ ಆ ಪಂಪಿನ ಮನೆಯಲ್ಲಿ ಒಬ್ಬನೇ ಕೂರುತ್ತಾನೆ. ಕೆಲಸವೇ ಅಂಥದ್ದು.

ಗುತ್ತಿಗೆಯ ಮೇಲೆ ದುಡಿಯುವ ಅಣ್ಣ, ಅಕ್ಕ, ನೀವು ಕಾರ್ಖಾನೆಯಲ್ಲಿರಿ, ದವಾಖಾನೆಯಲ್ಲಿರಿ, ಬ್ಯಾಂಕಿನ ಬಾಗಿಲು ಕಾಯುತ್ತಿರಿ, ಮಾತು ಒಂದೇ. ಏಜೆನ್ಸಿ ಬದಲಾದಾಗ ಓದಿಸದ ಕಾಗದಕ್ಕೆ, ಖಾಲಿ ಕಾಗದಕ್ಕೆ ಸಹಿ ಮಾಡಬೇಡಿ. ಬಿಡದ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ದಾರಿ ಕಾಣದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಕೋರ್ಟಿನಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಲ್ಲಿ ಕಾರ್ಮಿಕರಿಗೆ ಪುಕ್ಕಟೆ ಸಲಹೆ ಸಿಗುತ್ತದೆ. ಯಾರಾದರೂ ಬಂದು ‘ಎಲ್ಲಾರೂ ಮಾಡ್ಯಾರ, ನೀ ಒಬ್ಬನ ಉಳದೀದಿ’ ಅಂದರೆ ಪೆನ್ನು ಕೆಳಗಿಡಿ. ಎದ್ದು ಹೋಗಿ ಆ ‘ಎಲ್ಲಾರನ್ನೂ’ ನೀವೇ ಕೇಳಿ.